ಲೆಕ್ಕದ ಹಾಳೆಯ ಗಿಳಿ

ರಾಯದುರ್ಗದ ನಮ್ಮ ಮನೆ ಪಡಸಾಲೆಯಲ್ಲಿ ಗಾಜಿನ ಕಟ್ಟು ಹಾಕಿಸಿದ ಗಿಳಿಯೊಂದಿದೆ. ನೀರುಬಣ್ಣದಲ್ಲಿ ಬರೆದದ್ದು, ಎರಡು ಅಂಗೈ ಅಗಲ. ಶೇಂಗಾ ವ್ಯಾಪಾರ ಮಾಡುತ್ತಿದ್ದ ನಮ್ಮ ತಾತ ಬರೆದದ್ದು ಅಂತ ನಾವು. ಇಲ್ಲ, ನಮ್ಮಪ್ಪ ಹುಡುಗನಾಗಿದ್ದಾಗ ಬರೆದದ್ದು ಅಂತ ಬಳ್ಳಾರಿಯಲ್ಲಿರುವ ದೊಡ್ಡಪ್ಪನ ಮಗ. ಹಳೇ ಸಾಮಾನು ಕೊಳ್ಳುವವನೊಬ್ಬ ಬಂದು ಬೆಲೆ ಕೇಳಿ ಹೋದ ಮೇಲಂತೂ ಈ ವಾದ ಜಗಳಕ್ಕೇ ಬಂತು.

ಕಟ್ಟು ಬಿಚ್ಚಿ ಹಿಂಬದಿ ನೋಡಿದೆ. ತಾತನ ಲೆಕ್ಕದ ಹಾಳೆ! ಬಾಕಿಯೆಲ್ಲ ರೂಪಾಯಿ, ಆಣೆ, ಪೈಗಳಲ್ಲಿ. ತಲೆಯ ಮೇಲೆ ‘ರಾಯದುರ್ಗ, ಬಳ್ಳಾರಿ ಜಿಲ್ಲೆ’ ಎಂದಿದೆ. ಆಣೆ ಹೋಗಿ ನಯಾಪೈಸೆ ಬಂದದ್ದು 1957ರಲ್ಲಿ. ಅದಕ್ಕೂ ಮುಂಚೆ, 1953ರ ಅಕ್ಟೋಬರಿನಲ್ಲೇ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು. ಹಾಳೆ ಅದಕ್ಕಿಂತ ಹಳೆಯದು, ಸರಿ. ಆದರೆ ಹಾಳೆಯ ವಯಸ್ಸೇ ಚಿತ್ರದ ವಯಸ್ಸು ಅನ್ನುವಂತಿಲ್ಲ. ವ್ಯಾಪಾರಸ್ಥರ ಮನೆಯಲ್ಲಿ ಹಳೇ ರದ್ದಿಗೇನು ಬರ?

ಮೊಳಕಾಲ್ಮೂರಿಗೆ ಕೊಟ್ಟ ಸೋದರತ್ತೆಗೆ ಈಗ ಎಂಬತ್ತು ದಾಟಿದೆ. ಚಿತ್ರವನ್ನು ಟವೆಲಿನಲ್ಲಿ ಸುತ್ತಿಕೊಂಡು ಅಲ್ಲಿಗೇ ಹೋದೆ. ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡಳು.

“ನಮ್ಮವ್ವನ ಚಿಲಕ ಕಣಪ್ಪಾ ಇದು! ತಾತಂದು ಹಾಳೆ ಅಷ್ಟೇ. ನಿಮ್ಮಪ್ಪ ತೊಟ್ಟಿಲಲ್ಲಿದ್ದಾಗ ಬರೆದು, ದಾರ ಪೋಣಿಸಿ ಮೇಲೆ ಕಟ್ಟಿದ್ಲು.”

ಮೇಲಿನ ಎರಡು ಮೂಲೆಯಲ್ಲಿರುವ ತೂತುಗಳನ್ನು ಇಷ್ಟು ದಿನ ಹುಳ ತಿಂದದ್ದು ಅಂದುಕೊಂಡಿದ್ದೆ.

ಅಜ್ಜಿ ಬಣ್ಣ ಮಾಡುತ್ತಿದ್ದ ರೀತಿಯನ್ನೂ ಅತ್ತೆ ಹೇಳಿದಳು. ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ದೀಪದ ಮಸಿ, ಹಸಿರಿಗೆ ಅವರೆ ಎಲೆಯ ರಸ. ಹಾಳೆಗೆ ಹಿಡಿಯಲಿ ಅಂತ ಎಲ್ಲಕ್ಕೂ ಜಾಲಿ ಗೋಂದು. ಕೊಕ್ಕು, ಕಣ್ಣು ಇವತ್ತಿಗೂ ಹಾಗೇ ಇದ್ದು, ಮೈ ಮಾತ್ರ ಹಣ್ಣೆಲೆ ಬಣ್ಣಕ್ಕೆ ತಿರುಗಿದ್ದು ಯಾಕೆ ಅಂತ ಆಗ ತಿಳಿಯಿತು. ಸೊಪ್ಪಿನ ಹಸಿರು ಬೆಳಕಿಗೆ ಬಾಳದು, ಮಣ್ಣು ಮಸಿ ಜಗ್ಗುವುದಿಲ್ಲ. ರೆಕ್ಕೆಯಂಚಿನ ಚುಕ್ಕಿಸಾಲು ತೊಗಲುಗೊಂಬೆಯದಂತೆ. ಗೊಂಬೆಯಲ್ಲಿ ಬೆಳಕು ತೂರಲು ತೂತು ಕೊರೆಯುತ್ತಾರೆ, ಅಜ್ಜಿ ಅಲ್ಲೆಲ್ಲ ಚುಕ್ಕಿಯಿಟ್ಟಿದ್ದಾಳೆ.

ಬಳ್ಳಾರಿಗೆ ಫೋನ್ ಮಾಡಿದೆ. ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಅಜ್ಜಿ ಚಿತ್ರ ಬರೀತಿದ್ಲೇನೋ?” ಅಂದ. ಮಾರುವ ಮಾತು ಮತ್ತೆ ಎತ್ತಲಿಲ್ಲ. ಒಂದು ಕಲರ್ ಜೆರಾಕ್ಸ್ ಕಳಿಸು ಅಂದ.

ಕಟ್ಟು ಮತ್ತೆ ಹಾಕಿಸುವಾಗ ಬೇರೆ ಚೀಟಿಯಲ್ಲಿ ಅಜ್ಜಿಯ ಹೆಸರನ್ನು ಕನ್ನಡ, ತೆಲುಗು ಎರಡರಲ್ಲೂ ಬರೆದು ಹಿಂದೆ ಸೇರಿಸಿದ್ದೇನೆ. ಈಗ ಗಿಳಿಯನ್ನು ಬಿಸಿಲು ಬೀಳದ ಗೋಡೆಗೆ ತೂಗುಹಾಕಿದೆ.