ಕಲ್ಲಿನ ಬಾಗಿಲಿನ ಜೀವ ಗಾರೆಯಲ್ಲಿದೆ

ಚಾಮರಾಜಪೇಟೆಯಿಂದ ಕೆ.ಆರ್. ಮಾರುಕಟ್ಟೆ ಕಡೆಗೆ ಹೊರಟರೆ ಬೆಂಗಳೂರು ಕೋಟೆಯ ದೆಹಲಿ ಬಾಗಿಲು ಎದುರಾಗುತ್ತದೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದ ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರಾಲಿ ಕಲ್ಲಿನ ಕೋಟೆಯಾಗಿಸಿದ. 1791ರ ಮಾರ್ಚ್ 21ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ಒಳನುಗ್ಗಿತು. ಊರು ಬೆಳೆದಂತೆ ಕೋಟೆಯ ಬಹುಪಾಲು ನೆಲಸಮವಾಯಿತು. ಈ ಬಾಗಿಲು ಉಳಿದುಕೊಂಡಿದೆ. ಇಂಥ ಬಾಗಿಲನ್ನು ದುರಸ್ತಿ ಮಾಡುವ ಕ್ರಮ ಗೊತ್ತಿದ್ದರೆ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ಹೊಸ್ತಿಲು, ಬಾಗಿಲವಾಡ, ಮೆಟ್ಟಿಲುಗಳನ್ನೂ ಕಾಪಾಡಿಕೊಳ್ಳಬಹುದು.

ಮೊದಲು ತಪಾಸಣೆ

ಉಳಿ ಹಿಡಿಯುವ ಮುಂಚೆ ಫೋಟೋ, ನಕ್ಷೆ ಆಗಬೇಕು. ಪ್ರತಿ ಕಲ್ಲಿಗೂ ಒಂದು ನಂಬರು. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಕಲ್ಲು ಠಣ್ಣೆನ್ನುತ್ತದೆ, ಒಳಗೆ ಸೀಳು ಬಿಟ್ಟ ಕಲ್ಲಿನ ಸದ್ದು ಮಂದ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿಡುತ್ತಾರೆ. ಕೆಲವು ತಿಂಗಳಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಜರುಗುತ್ತಿದೆ ಎಂದರ್ಥ. ಆಗ ಪಾಯ ನೋಡದೆ ಮೇಲಿನ ಬಿರುಕು ಮುಚ್ಚಿ ಪ್ರಯೋಜನವಿಲ್ಲ.

ಸಿಮೆಂಟ್ ಏಕೆ ಬೇಡ

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಅದಕ್ಕೂ ಹಿಂದಿನ ಈ ಕೋಟೆ ಕಟ್ಟಿದವರಿಗೆ ಗೊತ್ತಿದ್ದದ್ದು ಸುಣ್ಣದ ಗಾರೆ. ನಮ್ಮ ಗ್ರಾನೈಟ್ ನೀರನ್ನು ಅಷ್ಟಾಗಿ ಹೀರುವುದಿಲ್ಲ. ದಪ್ಪ ಗೋಡೆಯೊಳಗೆ ಸೇರಿದ ಮಳೆನೀರು ಸಂದಿಗಳ ಗಾರೆಯ ಮೂಲಕವೇ ಆರಿಹೋಗಬೇಕು. ಸಂದಿಗೆ ಸಿಮೆಂಟ್ ಬಳಿದರೆ ಆ ದಾರಿ ಮುಚ್ಚುತ್ತದೆ. ಒಳಗಿನ ಹಳೇ ಗಾರೆ ನೆನೆದು ಸಡಿಲವಾಗಿ ಗೋಡೆ ಉಬ್ಬುತ್ತದೆ. ಮುಂದೊಂದು ದಿನ ಆ ಸಿಮೆಂಟ್ ಕೆತ್ತಿ ತೆಗೆಯಲು ಹೋದರೆ ಕಲ್ಲಿನ ಅಂಚೂ ಕಿತ್ತು ಬರುತ್ತದೆ. ಗಾರೆ ಯಾವತ್ತೂ ಕಲ್ಲಿಗಿಂತ ಮೆತ್ತಗಿರಬೇಕು. ಸವೆದ ಗಾರೆಯನ್ನು ಮತ್ತೆ ತುಂಬಬಹುದು, ಒಡೆದ ಕಲ್ಲು ಮತ್ತೆ ಬರುವುದಿಲ್ಲ.

ಗಾರೆ ಕೆಲಸ

ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅದನ್ನು ವಾರಗಟ್ಟಲೆ ನೀರಿನಡಿಯಲ್ಲೇ ಬಿಟ್ಟರೆ ಬೆಣ್ಣೆಯಂತಾಗುತ್ತದೆ. ಆಮೇಲೆ ಮರಳು, ಇಟ್ಟಿಗೆ ಪುಡಿ ಬೆರೆಸಿ ಅರೆಯುತ್ತಾರೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವುದು ಹಳೆಯ ವಾಡಿಕೆ. ಸಂದಿಯ ಸತ್ತ ಗಾರೆಯನ್ನು ಸುಮಾರು ಒಂದಿಂಚು ಆಳಕ್ಕೆ ಕೈಯಿಂದಲೇ ಕೆರೆದು, ಧೂಳು ತೊಳೆದು, ಹಸಿ ಇರುವಾಗಲೇ ಹೊಸ ಗಾರೆ ಒತ್ತಬೇಕು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವುದರಿಂದ ಬಿಸಿಲು ತಾಗದಂತೆ ಒದ್ದೆ ಗೋಣಿತಾಟು ಹೊದಿಸಿಡಬೇಕು.

ಗಿಡ, ಕಬ್ಬಿಣ, ಬಣ್ಣ

ಸಂದಿಯಲ್ಲಿ ಹುಟ್ಟಿದ ಅರಳಿ ಗಿಡವನ್ನು ಜಗ್ಗಿ ಕೀಳಬಾರದು, ಕಲ್ಲೂ ಜರುಗುತ್ತದೆ. ಕತ್ತರಿಸಿ, ಬುಡಕ್ಕೆ ಔಷಧಿ ಹಾಕಿ, ಬೇರು ಪೂರ್ತಿ ಸತ್ತಮೇಲೆ ತೆಗೆಯಬೇಕು. ಕಲ್ಲುಗಳನ್ನು ಬಿಗಿದ ಹಳೇ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ಉಬ್ಬಿದರೆ ಕಲ್ಲನ್ನೇ ಸೀಳುತ್ತದೆ. ಆ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬರಬೇಕು. ಕಮಾನಿನ ಒಂದೇ ಒಂದು ಕಲ್ಲು ಬಿಚ್ಚುವುದಿದ್ದರೂ ಕೆಳಗೆ ಮರದ ಆಸರೆ ಕೊಡಲೇಬೇಕು. ಕಲ್ಲಿನ ಮೇಲಿನ ಬಣ್ಣ ತೆಗೆಯಲು ಮರಳು ಸಿಡಿಸುವುದು, ಆ್ಯಸಿಡ್ ಸುರಿಯುವುದು ಎರಡೂ ತಪ್ಪು. ಮೊದಲನೆಯದು ಉಳಿಯ ಗುರುತನ್ನೇ ಅಳಿಸುತ್ತದೆ, ಎರಡನೆಯದು ಸುಣ್ಣವನ್ನು ಕರಗಿಸುತ್ತದೆ. ಬಣ್ಣ ಸಡಿಲಿಸುವ ಲೇಪ ಹಚ್ಚಿ, ನೀರು ಮತ್ತು ಮೆತ್ತನೆಯ ನಾರಿನ ಬ್ರಷ್‌ನಿಂದ ಉಜ್ಜಬೇಕು. ಅದನ್ನೂ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ ನೋಡಬೇಕು.

ಕಾನೂನು

ದೆಹಲಿ ಬಾಗಿಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿದೆ. ಇಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ವರೆಗೆ ಅನುಮತಿ ಬೇಕು. ನಿಮ್ಮ ಅಜ್ಜನ ಮನೆಯ ಹೊಸ್ತಿಲಿಗೆ ಅಂಥ ಕಾನೂನಿನ ಕಾವಲಿಲ್ಲ, ನೀವೇ ಕಾವಲು. ಮೇಸ್ತ್ರಿಯನ್ನು ಕರೆದಾಗ ಕೂಲಿ ಎಷ್ಟೆಂದು ಕೇಳುವ ಮೊದಲು ಗಾರೆ ಯಾವುದೆಂದು ಕೇಳಿ.