ಹೈಸ್ಕೂಲ್ ಮನೆಯಿಂದ ಎಷ್ಟು ದೂರ ಇರಬಹುದು?

'ಆರ್‌ಟಿಇ ಪ್ರಕಾರ ಹೈಸ್ಕೂಲ್ 3 ಕಿ.ಮೀ. ಒಳಗೇ ಇರಬೇಕು' ಎಂಬ ಮಾತು ಸರಿಯಲ್ಲ. 2009ರ ಈ ಕಾಯ್ದೆ 8ನೇ ತರಗತಿವರೆಗೆ ಮಾತ್ರ. ಕೇಂದ್ರದ ಮಾದರಿ ನಿಯಮದಂತೆ 5ನೇ ತರಗತಿವರೆಗೆ 1 ಕಿ.ಮೀ., 6ರಿಂದ 8ಕ್ಕೆ 3 ಕಿ.ಮೀ. ಹೈಸ್ಕೂಲಿಗೆ 5 ಕಿ.ಮೀ. ಎಂಬುದು 2018ರವರೆಗೆ ಇದ್ದ ಆರ್‌ಎಂಎಸ್‌ಎ ಯೋಜನೆಯ ಗುರಿಯಾಗಿತ್ತಷ್ಟೇ, ಹಕ್ಕಲ್ಲ.

ಬೆಂಗಳೂರಿನಲ್ಲಿ ಕಿಲೋಮೀಟರ್‌ಗಿಂತ ಸಮಯ ಮುಖ್ಯ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಕೆ.ಆರ್. ಪುರದಿಂದ ಶಿವಾಜಿನಗರದ ಶಾಲೆಗೆ ಹೊರಡಲು ಬೆಳಿಗ್ಗೆ 5.30ಕ್ಕೆ ಏಳುವ ಮಗು ರಾತ್ರಿ 9.30ರೊಳಗೆ ಮಲಗಬೇಕು. ಸಂಜೆಯ ಟ್ರಾಫಿಕ್, ಟ್ಯೂಷನ್, ಹೋಂವರ್ಕ್ ಮುಗಿಸಿ ಅದು ಸಾಧ್ಯವೇ?

ಅಡ್ಮಿಷನ್‌ಗೆ ಮುನ್ನ ಶಾಲೆಯ ಹೊತ್ತಿಗೇ ಒಮ್ಮೆ ಹೋಗಿಬಂದು ಲೆಕ್ಕ ಹಾಕಿ. ನಿದ್ದೆ 8 ಗಂಟೆಗಿಂತ ಕಡಿಮೆಯಾಗುವುದಾದರೆ ಆ ಶಾಲೆ ದೂರವೇ.