ಕುರ್ಡಿಯ ಶೆಡ್ಡಿನಲ್ಲಿ ಕಲ್ಲುಹೂವು ಬೆಳೆಯುತ್ತದಾ?

ಹೋದ ವರ್ಷ ಬೇಸಿಗೆಯಲ್ಲಿ ಒಂದು ರಾತ್ರಿ ಹತ್ತೂವರೆಗೆ ನಮ್ಮ ಕಾಕನ ಮಗ ಫೋನ್ ಮಾಡಿದ. ನಾನಿರೋದು ಬೆಂಗಳೂರಲ್ಲಿ, ಅವನಿರೋದು ಮಾನ್ವಿ ತಾಲ್ಲೂಕಿನ ನಮ್ಮೂರು ಕುರ್ಡಿಯಲ್ಲಿ.

"ಅಕ್ಕ, ಒಂದ್ ಮಾತ್ ಹೇಳ್ತೀನಿ. ಅಪ್ಪಗ ಹೇಳಬ್ಯಾಡ."

ಇಂಥ ಪೀಠಿಕೆ ಬಂದರೆ ಒಂದೋ ಪ್ರೀತಿ, ಇಲ್ಲಾಂದ್ರೆ ಸಾಲ. ಈ ಸಲ ಎರಡೂ ಅಲ್ಲ.

"ಕಲ್ಲುಹೂವು ಬೆಳೀಬೇಕಂತ ಮಾಡೀನಿ."

ಯಾವುದೋ ವಿಡಿಯೊ ನೋಡಿದ್ದಾನೆ. ಹಸಿರು ನೆರಳು ಬಲೆಯ ಶೆಡ್, ಒಳಗೆ ಸಾಲಾಗಿ ಮರದ ತುಂಡು, ಅದರ ಮೇಲೆ ಬೂದು ಬಣ್ಣದ ಕಲ್ಲುಹೂವು. ಅರವತ್ತು ಸಾವಿರ ಕೊಟ್ಟರೆ ಅವರೇ 'ಕಲ್ಚರ್' ಬಾಟಲಿ ಕಳಿಸ್ತಾರಂತೆ, ಮೂರು ತಿಂಗಳಿಗೆ ಬೆಳೆ, ಬೆಳೆದಿದ್ದನ್ನೆಲ್ಲ ಅವರೇ ವಾಪಸ್ ಕೊಳ್ತಾರಂತೆ. ಐದು ಸಾವಿರ ಮುಂಗಡ ಆಗಲೇ ಹೋಗಿತ್ತು. ಉಳಿದದ್ದು ಕಟ್ಟೋಕೆ ಎಂಟು ದಿನ ಗಡುವು. ಹತ್ತಿ ಮಾರಿದ ದುಡ್ಡು ಅದು.

ಬೇಡ ಅಂತ ತಕ್ಷಣ ಹೇಳಬಹುದಿತ್ತು. ಆದರೆ 'ಯಾಕ?' ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಟ್ಟಿದಾಗಿನಿಂದ ಎಣ್ಣೆಗಾಯಿಯಲ್ಲಿ ತಿಂದಿರೋ ಪದಾರ್ಥ, ಅದು ಗಿಡವಾ, ಪಾಚಿಯಾ, ಮರದ ತೊಗಟೆಯಾ ಅಂತ ಕೂಡ ಗೊತ್ತಿರಲಿಲ್ಲ. ನಾಲ್ಕು ದಿನ ಟೈಮ್ ಕೊಡು ಅಂದೆ.

ನಮ್ಮ ಕಡೆ ಬೇಸಿಗೆ ಅಂದರೆ ಮಸಾಲಿ ಖಾರ ಕುಟ್ಟಿಸೋ ಕಾಲ. ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಣಕೊಬ್ಬರಿ, ಚಕ್ಕೆ, ಲವಂಗ, ಮರಾಠಿ ಮೊಗ್ಗು ಎಲ್ಲ ಅಂಗಳದ ಚಾಪೆ ಮೇಲೆ ಒಣಗುತ್ತಿರುತ್ತವೆ. ಕೊನೆಗೆ ಅಜ್ಜಿ ಪೇಪರ್ ಪೊಟ್ಟಣ ಬಿಚ್ಚಿ ಕಲ್ಲುಹೂವು ಸುರಿಯೋಳು. ಮುಟ್ಟಿದರೆ ಒಣಗಿದ ಎಲೆಯ ಹಾಗೆ ಗರಿಗರಿ, ತೂಕವೇ ಇಲ್ಲ. ಮೂಸಿದರೆ ಧೂಳಿನ ವಾಸನೆ, ಅಷ್ಟೇ. ಆದರೆ ಸಣ್ಣ ಉರಿಯಲ್ಲಿ ಎರಡು ಹನಿ ಎಣ್ಣೆ ಬಿಟ್ಟು ಬಾಣಲಿಗೆ ಹಾಕಿದ ಕೂಡಲೇ ಮನೆ ತುಂಬ ಹೊಗೆ, ಮರ, ಮಳೆಮಣ್ಣು ಸೇರಿದಂಥ ಒಂದು ಪರಿಮಳ. ಒಂದು ಕ್ಷಣ ಮೈಮರೆತರೆ ಹೊತ್ತಿ ಕಹಿ. ಹಾಗಾಗಿ ಅದನ್ನು ಹುರಿಯೋ ಕೆಲಸ ಅಜ್ಜಿ ಯಾವ ಸೊಸೆಗೂ ಕೊಡಲಿಲ್ಲ.

ಮರಾಠಿಯವರಿಗೆ ಇದು ದಗಡಫೂಲ, ಹಿಂದಿಯವರಿಗೆ ಪತ್ಥರ್ ಕೆ ಫೂಲ್, ತಮಿಳರಿಗೆ ಕಲ್ಪಾಸಿ, ನಮ್ಮ ಪಕ್ಕದ ತೆಲುಗರಿಗೆ ರಾತಿ ಪುವ್ವು. ಆಯುರ್ವೇದದಲ್ಲಿ ಶೈಲೇಯ. ಮಹಾರಾಷ್ಟ್ರದ ಗೋಡಾ ಮಸಾಲೆ, ಚೆಟ್ಟಿನಾಡಿನ ಕೋಳಿ ಸಾರು, ಹೈದರಾಬಾದಿನ ಪೋಟ್ಲಿ ಮಸಾಲೆ, ಇವುಗಳಿಗೆಲ್ಲ ಇದು ಬೇಕೇ ಬೇಕು. ಹೆಚ್ಚಿನ ಭಾಷೆಗಳಲ್ಲಿ ಕಲ್ಲು, ಹೂವು ಅಂತ ಹೆಸರಿದೆ. ತಮಾಷೆ ಅಂದರೆ ಅದು ಹೂವೂ ಅಲ್ಲ, ಮಸಾಲೆಗೆ ಬರೋದರಲ್ಲಿ ಹೆಚ್ಚಿನದು ಕಲ್ಲಿನ ಮೇಲೆ ಬೆಳೆದದ್ದೂ ಅಲ್ಲ. ಪೊಟ್ಟಣದ ತಳದಲ್ಲಿ ನೋಡಿ, ತೊಗಟೆ ಚೂರು ಸಿಕ್ಕೇ ಸಿಗುತ್ತೆ.

ಇದು ಲೈಕೆನ್. ವಿಜ್ಞಾನಿಗಳ ಹೆಸರು ಪಾರ್ಮೊಟ್ರಿಮಾ ಪರ್ಲೇಟಮ್. ಅಂಗಡಿಯ ಪೊಟ್ಟಣದಲ್ಲಿ ಇದರ ಜೊತೆ ಇದರ ನಾಲ್ಕಾರು ದಾಯಾದಿಗಳೂ ಬೆರೆತಿರುತ್ತವೆ. ಗುರುತು ಹಿಡಿಯೋದು ಕಷ್ಟ ಅಲ್ಲ: ಮೇಲ್ಭಾಗ ಬೂದುಬಿಳಿ, ತಿರುವಿದರೆ ತಳಭಾಗ ಕಡುಕಪ್ಪು, ಅಂಚಿಗೆ ಬಂದಂತೆ ಕಂದು. ಅಂಚು ಸೀರೆಯ ನೆರಿಗೆಯಂತೆ ಅಲೆಅಲೆ, ಅಲ್ಲಲ್ಲಿ ಕಪ್ಪು ರೋಮ, ತುದಿಯಲ್ಲಿ ಹಿಟ್ಟು ಉದುರಿಸಿದ ಹಾಗೆ ಪುಡಿ.

ಲೈಕೆನ್ ಒಂದು ಜೀವ ಅಲ್ಲ, ಒಂದು ಸಂಸಾರ. ಶಿಲೀಂಧ್ರ ಮನೆ ಕಟ್ಟುತ್ತೆ, ನೀರು ಹಿಡಿದಿಡುತ್ತೆ. ಒಳಗಿರೋ ಹಸಿರು ಪಾಚಿ ಬಿಸಿಲಲ್ಲಿ ಅಡುಗೆ ಮಾಡಿ ಇಬ್ಬರಿಗೂ ಬಡಿಸುತ್ತೆ. ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ 1867ರಲ್ಲಿ ಈ ಮಾತು ಹೇಳಿದಾಗ ಅಂದಿನ ದೊಡ್ಡ ದೊಡ್ಡ ಲೈಕೆನ್ ಪಂಡಿತರು ನಂಬಲಿಲ್ಲ, ಗೇಲಿ ಮಾಡಿದರು. ಆಮೇಲೆ ಅದೇ ಪಾಠ ಆಯ್ತು. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಹಲವು ಲೈಕೆನ್‌ಗಳ ಹೊರಪದರದಲ್ಲಿ ಇನ್ನೊಂದು ಜಾತಿಯ ಯೀಸ್ಟ್ ಕೂಡ ವಾಸ ಮಾಡ್ತಿದೆ ಅಂತ ತೋರಿಸಿದರು. ಒಟ್ಟಿನಲ್ಲಿ ಅದು ಕೂಡು ಕುಟುಂಬ.

ನನ್ನ ತಮ್ಮನ ಐವತ್ತೈದು ಸಾವಿರ ಉಳಿಯೋ ದಾರಿ ಇಲ್ಲೇ ಇತ್ತು. ಕೂಡು ಕುಟುಂಬವನ್ನ ಬಾಟಲಿಯಲ್ಲಿ ತುಂಬಿ ಕೊರಿಯರ್ ಮಾಡೋಕಾಗಲ್ಲ. ಪ್ರಯೋಗಾಲಯದಲ್ಲಿ ಶಿಲೀಂಧ್ರವನ್ನೂ ಪಾಚಿಯನ್ನೂ ಬೇರೆಬೇರೆ ಬೆಳೆಸಬಹುದು. ಆದರೆ ಬೇರೆಯಾದ ಶಿಲೀಂಧ್ರ ಒಂದು ಆಕಾರವಿಲ್ಲದ ಗಂಟು, ನೋಡಿದರೆ ಕಲ್ಲುಹೂವು ಅಂತ ಯಾರೂ ಹೇಳಲ್ಲ. ಎರಡನ್ನೂ ಮತ್ತೆ ಕೂಡಿಸಿ ಎಲೆಯಂಥ ರೂಪಕ್ಕೆ ತರೋದು ವಿಜ್ಞಾನಿಗಳಿಗೇ ಬಹಳ ನಿಧಾನದ, ಬಹಳ ಸಲ ಕೈಕೊಡುವ ಕೆಲಸ. ಕಾಡಲ್ಲಿ ಇದು ತಾನಾಗಿ ಹರಡೋದು ಅಂಚಿನ ಆ ಪುಡಿಯಿಂದ. ಒಂದೊಂದು ಕಣದಲ್ಲೂ ಒಂದಿಷ್ಟು ಪಾಚಿ, ಅದನ್ನು ಸುತ್ತಿಕೊಂಡ ಶಿಲೀಂಧ್ರದ ಎಳೆ. ತವರಿಂದ ಹೊರಟ ಮಗಳಿಗೆ ಬುತ್ತಿ ಕಟ್ಟಿಕೊಟ್ಟ ಹಾಗೆ. ಗಾಳಿ, ಮಳೆಹನಿ ಅದನ್ನು ಒಯ್ದು ಸರಿಯಾದ ತೊಗಟೆಗೆ ಅಂಟಿಸಬೇಕು.

ಮತ್ತೆ ವೇಗ. ಎಲೆಯಂಥ ಲೈಕೆನ್‌ಗಳು ವರ್ಷಕ್ಕೆ ಬೆಳೆಯೋದು ಕೆಲವೇ ಮಿಲಿಮೀಟರ್. ಕಲ್ಲಿಗೆ ಬಣ್ಣ ಬಳಿದಂತೆ ಅಂಟಿರೋ ಜಾತಿಗಳಲ್ಲಿ ಎಷ್ಟೋ ಒಂದು ಮಿಲಿಮೀಟರ್ ಕೂಡ ಮುಟ್ಟಲ್ಲ. ಈ ನಿಧಾನವನ್ನೇ ಗಡಿಯಾರ ಮಾಡಿಕೊಂಡು ಹಿಮನದಿ ಬಿಟ್ಟುಹೋದ ಬಂಡೆಗಳ ವಯಸ್ಸು ಲೆಕ್ಕ ಹಾಕುವವರಿದ್ದಾರೆ. ಅಂಗೈಯಗಲದ ಒಂದು ಕಲ್ಲುಹೂವು ಅಂದರೆ ಹತ್ತು ವರ್ಷಕ್ಕೂ ಮೀರಿದ ಬೆಳವಣಿಗೆ ಇರಬಹುದು. ಅದನ್ನು ನಾವು ಒಂದು ಬಿರಿಯಾನಿಗೆ ಹಾಕ್ತೀವಿ. ಮೂರು ತಿಂಗಳಲ್ಲಿ ಬೆಳೆ ಬರೋದು ಹೆಸರುಕಾಳು.

ನಾಲ್ಕನೇ ದಿನ ಇಷ್ಟು ಹೇಳಿದೆ. ಅವನು ಸುಲಭಕ್ಕೆ ಬಿಡೋನಲ್ಲ.

"ನೀರ್ ಹೊಡದ್ರ ಆತಲ್ಲಕ್ಕ? ದಿನಾ ನಾಕ್ ಸಲ ಸ್ಪ್ರೇ ಮಾಡ್ತೀನಿ."

ಒಳ್ಳೆ ಪ್ರಶ್ನೆ. ಲೈಕೆನ್‌ಗೆ ಬೇರಿಲ್ಲ. ಅಂಟಿಕೊಂಡ ಮರದಿಂದ ಏನೂ ಹೀರಲ್ಲ, ಮರಕ್ಕೆ ಕೇಡೂ ಮಾಡಲ್ಲ, ಬರೀ ಜಾಗ ಬಾಡಿಗೆ ಹಿಡಿದಿರುತ್ತೆ. ನೀರು, ಆಹಾರ ಎಲ್ಲ ಗಾಳಿಯಿಂದ, ಮಂಜಿನಿಂದ, ಮಳೆಯಿಂದ. ಒಣಗಿದಾಗ ಎಲ್ಲ ನಿಲ್ಲಿಸಿ ಮಲಗುತ್ತೆ, ಒದ್ದೆಯಾದರೆ ನಿಮಿಷಗಳಲ್ಲಿ ಎದ್ದು ಕೆಲಸ ಶುರು. ಎದ್ದಿರುವಾಗ ಉಸಿರಾಟಕ್ಕೆ ಖರ್ಚಾಗುತ್ತೆ, ಬೆಳಕಿದ್ದರೆ ಗಳಿಕೆ ಆಗುತ್ತೆ. ತಂಪು ಬೆಳಗಿನಲ್ಲಿ ಗಳಿಕೆ ಜಾಸ್ತಿ, ಖರ್ಚು ಕಡಿಮೆ. ಆದರೆ ಬಿಸಿ ರಾತ್ರಿಯಲ್ಲಿ ಒದ್ದೆಯಾಗಿಟ್ಟರೆ ಬರೀ ಖರ್ಚು, ಗಳಿಕೆ ಸೊನ್ನೆ. ಅದಕ್ಕೇ ಸದಾ ಒದ್ದೆ ಇಟ್ಟರೆ ಸೊರಗುತ್ತೆ, ಕೊಳೆಯುತ್ತೆ. ಅದಕ್ಕೆ ಬೇಕಾದ್ದು ನೆನೆಯೋದು, ಒಣಗೋದು, ಮತ್ತೆ ನೆನೆಯೋದು. ಜೊತೆಗೆ ತಂಪು, ಹರಿದಾಡುವ ಬೆಳಕು, ಹೊಗೆಯಿಲ್ಲದ ಗಾಳಿ. ಪಶ್ಚಿಮಘಟ್ಟದ ಎತ್ತರದ ಇಳಿಜಾರುಗಳಲ್ಲಿ, ಹಿಮಾಲಯದ ಓಕ್ ಕಾಡುಗಳಲ್ಲಿ ಇದೆಲ್ಲ ಪುಕ್ಕಟೆ. ನಮ್ಮ ರಾಯಚೂರು ಜಿಲ್ಲೆಗೆ ವರ್ಷಕ್ಕೆ ಸುಮಾರು 600-650 ಮಿ.ಮೀ. ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಮೇ ತಿಂಗಳ ರಾತ್ರಿಯೂ ಫ್ಯಾನಿನಿಂದ ಬಿಸಿಗಾಳಿ. ಆ ಶೆಡ್ಡಿನಲ್ಲಿ ದಿನಕ್ಕೆ ನಾಲ್ಕು ಸಲ ಸ್ಪ್ರೇ ಮಾಡಿದರೆ ಅದನ್ನು ದಿನಕ್ಕೆ ನಾಲ್ಕು ಸಲ ಎಬ್ಬಿಸಿ ಉಪವಾಸ ಕೆಡವಿದ ಹಾಗೆ.

ಹಾಗಾದರೆ ಅಂಗಡಿಗೆ ಎಲ್ಲಿಂದ ಬರುತ್ತೆ? ಕಾಡಿನಿಂದ. ಹೊಲದಲ್ಲಿ, ಶೆಡ್ಡಿನಲ್ಲಿ ಬೆಳೆದ ಕಲ್ಲುಹೂವು ಮಾರುಕಟ್ಟೆಯಲ್ಲಿಲ್ಲ. ಉತ್ತರಾಖಂಡದಲ್ಲಿ ಇದಕ್ಕೆ ಝೂಲಾ ಅಂತಾರೆ, ಗುಡ್ಡಗಾಡಿನ ಬಡ ಮನೆಗಳಿಗೆ ಅದೊಂದು ಆದಾಯ. ಬಿದ್ದ ಕೊಂಬೆಯಿಂದ ಆರಿಸಿದರೆ ತೊಂದರೆ ಕಡಿಮೆ. ನಿಂತ ಮರವನ್ನು ಕೆರೆದು ಬೋಳು ಮಾಡಿದರೆ ಆ ಜಾಗ ಮತ್ತೆ ತುಂಬೋಕೆ ಎಷ್ಟು ವರ್ಷ ಅಂತ ಮೇಲಿನ ಲೆಕ್ಕ ನೋಡಿ. ನನಗಂತೂ ಇದು ಗೊತ್ತಾದ ಮೇಲೆ ಡಬ್ಬಿಗೆ ಕೈ ಹಾಕುವಾಗ ಹಿಡಿ ಸಣ್ಣದಾಗಿದೆ.

ಗಾಳಿಯನ್ನೇ ತಿನ್ನೋ ಜೀವ ಆದ್ದರಿಂದ ಗಾಳಿಯಲ್ಲಿರೋ ವಿಷವೂ ಅದರೊಳಗೆ ಕೂರುತ್ತೆ. 1866ರಲ್ಲೇ ವಿಲಿಯಂ ನೈಲಾಂಡರ್ ಪ್ಯಾರಿಸ್ಸಿನ ಲಕ್ಸೆಂಬರ್ಗ್ ತೋಟದ ಲೈಕೆನ್ ನೋಡಿ, ಇವು ಗಾಳಿಯ ಆರೋಗ್ಯ ಹೇಳ್ತವೆ ಅಂದಿದ್ದ. ಶ್ವೆಂಡೆನರ್ ಮಾತನ್ನು ಒಪ್ಪದವರಲ್ಲಿ ಇವನೂ ಒಬ್ಬ ಅನ್ನೋದು ಬೇರೆ ಕಥೆ. 1986ರ ಚೆರ್ನೊಬಿಲ್ ದುರಂತದ ನಂತರ ಉತ್ತರ ಯುರೋಪಿನ ಹಿಮಸಾರಂಗಗಳ ಮಾಂಸದಲ್ಲಿ ವಿಕಿರಣ ಸಿಕ್ಕಿದ್ದು ಅವು ಮೇಯುವ ಲೈಕೆನ್‌ನಿಂದ. ನಮ್ಮ ಬೆಂಗಳೂರಿನಲ್ಲೂ ಲಾಲ್‌ಬಾಗ್ ಮತ್ತು ನಗರದ ಲೈಕೆನ್‌ಗಳಲ್ಲಿ ಭಾರಲೋಹ ಎಷ್ಟಿದೆ ಅಂತ ಅಳೆದ ಅಧ್ಯಯನ 2003ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬಂದಿದೆ. ಅದಕ್ಕೇ ರಸ್ತೆಬದಿ ಮರದ ಮೇಲೆ ಕಂಡಿತು ಅಂತ ಕೆರೆದು ಮನೆಗೆ ತರಬೇಡಿ. ಜಾತಿ ಗೊತ್ತಿಲ್ಲದ್ದನ್ನು ತಿನ್ನಲೂಬೇಡಿ. ಯುರೋಪಿನ ಹಳದಿ ತೋಳ ಲೈಕೆನ್ ಹೆಸರೇ ಹೇಳುವಂತೆ ತೋಳಗಳನ್ನು ಕೊಲ್ಲಲು ಬಳಸ್ತಿದ್ದ ವಿಷ. ಕಲ್ಲಿನ ಹೂವು ಅಂತ ಹೆಸರಿದೆ, ಕಿಡ್ನಿ ಕಲ್ಲು ಕರಗುತ್ತೆ ಅಂತ ಕಷಾಯ ಕುಡಿಯೋರೂ ಇದ್ದಾರೆ. ಮೊದಲು ಡಾಕ್ಟರನ್ನ ಕೇಳಿ.

ಕೊಳ್ಳುವಾಗ ಪುಡಿಯಾಗಿದ್ದನ್ನು ಬಿಟ್ಟು ಇಡಿ ಚಕ್ಕೆಗಳನ್ನೇ ನೋಡಿ, ತಳ ಕಪ್ಪಿರಲಿ. ಮುಗ್ಗಲು ವಾಸನೆ ಇದ್ದರೆ ಬೇಡ. ತೊಗಟೆ, ಕಲ್ಲು ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಅಜ್ಜಿಯ ಅಳತೆ ಕಿಲೋ ಮೆಣಸಿನಕಾಯಿಗೆ ಒಂದು ಹಿಡಿ. ಇಬ್ಬರಿರೋ ಮನೆಯ ಪಲಾವಿಗೆ ಉಗುರಗಲದ ಎರಡು ಚೂರು ಸಾಕು, ಬಿಸಿ ಎಣ್ಣೆಗೇ ಹಾಕಿ. ಸಾರು ಕುದಿಯುವಾಗ ಮೇಲಿಂದ ಹಾಕಿದರೆ ಹಾಕಿದ್ದೂ ಗೊತ್ತಾಗಲ್ಲ. ಅಂದಹಾಗೆ, ಶಾಲೆಯಲ್ಲಿ ಆಮ್ಲ-ಕ್ಷಾರ ನೋಡಿದ ಲಿಟ್ಮಸ್ ಕಾಗದ ನೆನಪಿದೆಯಾ? ಅದರ ಬಣ್ಣವೂ ಮೂಲದಲ್ಲಿ ಲೈಕೆನ್‌ನದೇ.

ತಮ್ಮ ಉಳಿದ ದುಡ್ಡು ಕಟ್ಟಲಿಲ್ಲ. ಮುಂಗಡಕ್ಕೆ ಅಂತ ಬಂದ ಒಂದು ಬಾಟಲಿಯಲ್ಲಿ ಇದ್ದದ್ದು ನೀರಲ್ಲಿ ನೆನೆಸಿದ ಅಂಗಡಿ ಕಲ್ಲುಹೂವಿನ ಚೂರು. ಹದಿನೈದು ದಿನಕ್ಕೆ ನಾತ ಹೊಡೆದು ತಿಪ್ಪೆ ಸೇರಿತು. ಐದು ಸಾವಿರ ವಾಪಸ್ ಬರಲಿಲ್ಲ, ಆ ನಂಬರ್ ಈಗ ಹತ್ತುವುದೂ ಇಲ್ಲ. ಕಾಕನಿಗೆ ವಿಷಯ ಇನ್ನೂ ಗೊತ್ತಿಲ್ಲ. ಅವರು ಮೊಬೈಲ್‌ನಲ್ಲಿ ಓದೋದು ಕಡಿಮೆ ಅನ್ನೋ ಧೈರ್ಯದ ಮೇಲೆ ಇದನ್ನು ಬರೀತಿದ್ದೀನಿ.

ಸಂಕ್ರಾಂತಿಗೆ ಊರಿಗೆ ಹೋದಾಗ ಬೆಳಿಗ್ಗೆ ಆರೂವರೆಗೆ ಅವನೇ ನನ್ನನ್ನು ಹೊಲದ ಬದಿಯ ಬಂಡೆ ಹತ್ತಿರ ಕರೆದೊಯ್ದ. ಚಿಕ್ಕವರಿದ್ದಾಗ ನಾವು ಅದರ ಮೇಲೆ ಕೂತು ಜೋಳದ ತೆನೆ ತಿಂದವರು. ಬಂಡೆ ತುಂಬ ಬೂದು, ಕಪ್ಪು, ಅರಿಶಿನ ಬಣ್ಣದ ಮಚ್ಚೆ. ಕಲೆ ಅಂತಲೇ ತಿಳಿದಿದ್ದೆವು. ಅವೂ ಲೈಕೆನ್ನೇ, ಮಸಾಲೆಯದ್ದಲ್ಲ, ಇಲ್ಲಿನ ಬಿಸಿಲಿಗೆ ಒಗ್ಗಿಕೊಂಡ ಬೇರೆ ಜಾತಿ. ಬಾಟಲಿಯಿಂದ ಒಂದಿಷ್ಟು ನೀರು ಬೂದು ಮಚ್ಚೆ ಮೇಲೆ ಚಿಮುಕಿಸಿದೆ. ಒದ್ದೆಯಾದ ಹೊರಪದರದ ಮೂಲಕ ಒಳಗಿನ ಪಾಚಿ ಕಂಡು, ನಾವು ನೋಡ್ತಿದ್ದ ಹಾಗೇ ಬೂದು ಹೋಗಿ ಮೆಲ್ಲಗೆ ಹಸಿರು ಮೂಡಿತು.

"ಏ ಅಕ್ಕ, ಜೀವ ಐತಲ್ಲ ಇದಕ್ಕ!"

ಅಂಗೈಯಿಂದ ಅಳತೆ ಮಾಡಿದ, ಫೋಟೊ ತೆಗೆದ. ಒಂಬತ್ತು ಗಂಟೆಗೆ ಬಿಸಿಲೇರಿದಾಗ ಮತ್ತೆ ಹೋಗಿ ನೋಡಿದರೆ ಎಲ್ಲ ಬೂದು. ಬರುವ ಸಂಕ್ರಾಂತಿಗೆ ಅದೇ ಮಚ್ಚೆಯನ್ನು ಸ್ಕೇಲ್ ಇಟ್ಟು ಅಳೀತಾನಂತೆ.